ಕೇಡು, ಕೇಡಿಗ ಮತ್ತು ಸಂಚಿನ ನಂಬಿಕೆ

ಕೆಲವರು ಗುಟ್ಟಾಗಿ ಕೂಡಿ ಇತರರಿಗೆ ಕೇಡು ಬಗೆಯುವುದು ಸಂಚು. ಲೋಕದ ದೊಡ್ಡ ಕೇಡುಗಳೆಲ್ಲ ಯಾರೋ ಬೇಕೆಂದೇ ಮಾಡಿದವು ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಸಂಚಿನ ನಂಬಿಕೆ. ಮಹಾಭಾರತದ ಅರಗಿನ ಮನೆಯಂತೆ ನಿಜವಾದ ಸಂಚುಗಳೂ ಇರುವುದರಿಂದ ಶಂಕೆಯನ್ನೆಲ್ಲ ಭ್ರಮೆಯೆಂದು ತಳ್ಳಿಹಾಕಲಾಗದು. ಯಾವ ಶಂಕೆ ಪ್ರಮಾಣಕ್ಕೆ ತಲೆಬಾಗುತ್ತದೆ, ಯಾವುದು ಬಾಗುವುದಿಲ್ಲ ಎಂಬುದೇ ಇಲ್ಲಿನ ತಾತ್ತ್ವಿಕ ಪ್ರಶ್ನೆ.

1347ರಿಂದ ಯುರೋಪನ್ನು ಆವರಿಸಿದ ಪ್ಲೇಗಿನ ಕಾಲದಲ್ಲಿ, ಯಹೂದಿಗಳು ಬಾವಿಗಳಿಗೆ ವಿಷ ಬೆರೆಸಿದರೆಂಬ ಮಾತು ಊರಿಂದೂರಿಗೆ ಹಬ್ಬಿತು. 1348ರಲ್ಲಿ ಜಿನೀವಾ ಸರೋವರದ ದಡದ ಶಿಯೋನ್ ಕೋಟೆಯಲ್ಲಿ ಚಿತ್ರಹಿಂಸೆಗೆ ಗುರಿಯಾದ ಬಂದಿಗಳು ಸುಳ್ಳನ್ನೇ ಒಪ್ಪಿಕೊಂಡರು. ಅರ್ಧ ಗೇಣಿನಷ್ಟು ವಿಷದ ಪೊಟ್ಟಣ, ಅದನ್ನಿಟ್ಟ ಹೊಲಿದ ಚರ್ಮದ ಚೀಲ ಎಂಬಂಥ ವಿವರಗಳೇ ಆ ಸುಳ್ಳಿಗೆ ನಿಜದ ಮೈ ಕೊಟ್ಟವು. ಆ ಹೇಳಿಕೆಗಳ ಪ್ರತಿಗಳು ಸ್ಟ್ರಾಸ್‌ಬರ್ಗ್ ನಗರವನ್ನು ತಲುಪಿದವು. ಅಲ್ಲಿ 1349ರ ಫೆಬ್ರವರಿ 14ರಂದು, ಪ್ಲೇಗು ಊರಿಗೆ ಕಾಲಿಡುವ ಮುನ್ನವೇ, ನೂರಾರು ಯಹೂದಿಗಳನ್ನು ಸುಟ್ಟು ಕೊಲ್ಲಲಾಯಿತು. ಪ್ಲೇಗು ಆಮೇಲೂ ಬಂದಿತು.

ಯಹೂದಿಗಳೂ ಇದೇ ವ್ಯಾಧಿಯಿಂದ ಸಾಯುತ್ತಿದ್ದಾರೆ, ಅವರು ನೆಲೆಸಿರದ ನಾಡುಗಳಲ್ಲೂ ಅದು ಹಬ್ಬಿದೆ ಎಂದು ಪೋಪ್ ಆರನೆಯ ಕ್ಲೆಮೆಂಟ್ 1348ರಲ್ಲೇ ಸಾರಿದ್ದನು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆಂಬ ತಪ್ಪದ ಸಂಬಂಧವನ್ನು ನ್ಯಾಯದರ್ಶನವು ವ್ಯಾಪ್ತಿಯೆಂದು ಕರೆಯುತ್ತದೆ. ಹೊಗೆಯಂಥ ಹೇತು ಇದ್ದೂ ಬೆಂಕಿಯಂಥ ಸಾಧ್ಯ ಇಲ್ಲದ ಒಂದೇ ಒಂದು ನೆಲೆ ಸಿಕ್ಕರೂ ಅನುಮಾನವು, ಎಂದರೆ ಹೇತುವಿನಿಂದ ಸಾಧ್ಯವನ್ನು ಊಹಿಸುವ ತರ್ಕವು, ಸವ್ಯಭಿಚಾರವೆಂಬ ದೋಷದಿಂದ ಕುಸಿಯುತ್ತದೆ. ಪ್ಲೇಗಿದ್ದೂ ಯಹೂದಿಗಳಿಲ್ಲದ ನಾಡುಗಳನ್ನು ಹೆಸರಿಸಿ ಕ್ಲೆಮೆಂಟನು ತೋರಿದ್ದು ಅಂಥ ನೆಲೆಯನ್ನೇ. ಆದರೆ ಸಂಚನ್ನು ನಂಬಿದವರು ವಿರುದ್ಧ ಸಾಕ್ಷ್ಯವನ್ನೂ ಸಂಚಿನ ಜಾಣ್ಮೆಗೇ ಸೇರಿಸಿಬಿಡುವುದರಿಂದ ಅವರ ಅನುಮಾನಕ್ಕೆ ಸೋಲೇ ಇಲ್ಲ. ಸೋಲಲಾಗದ ಅನುಮಾನವು ಜ್ಞಾನವೂ ಆಗಲಾರದು.

ಇಂಥ ನಂಬಿಕೆ ಹುಟ್ಟುವುದೇಕೆ? ದೇವತೆಗಳು ತೆರವು ಮಾಡಿದ ಪೀಠದಲ್ಲಿ ಬಲಶಾಲಿ ಗುಂಪುಗಳನ್ನು ಕೂರಿಸುವುದೇ ಇದರ ಮೂಲವೆಂದು ತತ್ತ್ವಜ್ಞಾನಿ ಕಾರ್ಲ್ ಪಾಪ್ಪರ್ ವಿವರಿಸಿದನು. ಸ್ಟ್ರಾಸ್‌ಬರ್ಗ್‌ನಲ್ಲಿ ಮಾತ್ರ ದೇವರ ಪೀಠ ತೆರವಾಗಿರಲಿಲ್ಲ; ಪ್ಲೇಗು ದೈವಕೋಪವೆಂಬ ನಂಬಿಕೆಯೂ ಆಗ ಬಲವಾಗಿಯೇ ಇತ್ತು. ದೈವಕೋಪವೆಂದರೆ ನೊಂದವನು ತನ್ನ ಪಾಪವನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ. ಬಾವಿಯ ವಿಷವೆಂದರೆ ಆ ಹೊರೆ ನೆರೆಯವನ ಹೆಗಲೇರುತ್ತದೆ. ಸಂಚಿನ ನಂಬಿಕೆಯ ಸೆಳೆತವಿರುವುದು ಈ ಹಗುರಾಗುವಿಕೆಯಲ್ಲಿ.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ ಪ್ಲೇಗಿನ ಜೀವಾಣುವಿಗೆ ಯಾರ ಮೇಲೂ ಹಗೆಯಿರಲಿಲ್ಲ. ಪ್ರತಿಯೊಂದು ಕೇಡಿಗೂ ಕಾರಣವಿರುತ್ತದೆ, ಕೇಡಿಗನೊಬ್ಬ ಇರಲೇಬೇಕೆಂದಿಲ್ಲ.