ಆಟದ ಕಣದಲ್ಲಿ ನಾಡಿನ ಹಗೆ

ಹೊರಗಿನ ಜಗಳವನ್ನು ಹೊರಗೇ ಬಿಟ್ಟು ಆಟಕ್ಕೆ ಕೂರಬೇಕು ಎಂಬುದು ಹಳೆಯ ರೂಢಿ. ಆನ್‌ಲೈನ್ ಆಟಗಳಲ್ಲಿ ಈ ರೂಢಿ ಮೇಲಿಂದ ಮೇಲೆ ಮುರಿದಿದೆ. ಅಲ್ಲಿ ಆಡುವವರು ಹಲವು ದೇಶದವರು, ಕಣದ ಒಡೆಯ ಇನ್ನೊಂದು ದೇಶದವನು, ಕಣ ಮುಚ್ಚಿಸುವ ಅಧಿಕಾರ ಮತ್ತೊಂದು ಸರ್ಕಾರದ್ದು. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರೊಡನೆ ನಡೆದ ಹೊಡೆದಾಟದಲ್ಲಿ ಭಾರತದ 20 ಯೋಧರು ಹುತಾತ್ಮರಾದರು. ಅದರ ಬೆನ್ನಲ್ಲೇ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿರ್ಬಂಧಿಸಿದ, ಚೀನಾದ ನಂಟಿನ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಆಟವೂ ಇತ್ತು. ಅಕ್ಟೋಬರ್ 30ಕ್ಕೆ ಸರ್ವರ್ ನಿಂತಿತು. ಲಡಾಖಿನ ಗಡಿಯ ಹೊಡೆದಾಟ ಹೀಗೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹುಡುಗರ ಮೊಬೈಲಿಗೂ ಬಂತು. ದುಡ್ಡು ಕೊಟ್ಟು ಕೊಂಡ ಸ್ಕಿನ್, ವರ್ಷಗಟ್ಟಲೆ ಆಡಿ ಗಳಿಸಿದ ರ‍್ಯಾಂಕ್ ಯಾವುದೂ ಕೈಗೆ ಸಿಗದಂತಾಯಿತು.

ಆಟದ ಮೂಲ ಕಂಪನಿ ದಕ್ಷಿಣ ಕೊರಿಯಾದ್ದು, ಮೊಬೈಲ್ ಆವೃತ್ತಿಯನ್ನು ಕಟ್ಟಿದ್ದು ಚೀನಾದ ಟೆನ್ಸೆಂಟ್. 2021ರ ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಹೆಸರಿನಲ್ಲಿ ಮರಳಿ ತಂದಿತು. ರಕ್ತದ ಬಣ್ಣ ಹಸಿರಾಯಿತು, ‘ಕಿಲ್’ ಹೋಗಿ ‘ಫಿನಿಶ್’ ಆಯಿತು. 2022ರ ಜುಲೈ 28ರಂದು ಅದೂ ನಿರ್ಬಂಧಕ್ಕೆ ಒಳಗಾಗಿ, 2023ರ ಮೇನಲ್ಲಿ ವಾಪಸಾಯಿತು. ಚೀನಾದಲ್ಲಿ 2019ರಲ್ಲೇ ಪಬ್‌ಜಿಯ ಜಾಗಕ್ಕೆ ‘ಗೇಮ್ ಫಾರ್ ಪೀಸ್’ ಬಂದಿತ್ತು. ಅದರಲ್ಲಿ ಗುಂಡು ತಗುಲಿದವನು ಮಂಡಿಯೂರಿ, ತನ್ನ ಸಾಮಾನಿನ ಪೆಟ್ಟಿಗೆ ಒಪ್ಪಿಸಿ, ಕೈಬೀಸಿ ಹೋಗುತ್ತಾನೆ. ಗಡಿಯಲ್ಲಿ ಕಾದಾಡಿದ ಎರಡು ನಾಡುಗಳಿಗೆ ಆಟದೊಳಗಿನ ರಕ್ತ ಮಾತ್ರ ಸಮಾನವಾಗಿ ಮುಜುಗರದ ವಿಷಯ.

ಆಟವನ್ನು ಬದುಕಿನಿಂದ ಗೆರೆ ಎಳೆದು ಬೇರ್ಪಡಿಸಿದ ಜಾಗವೆಂದು ಗಟ್ಟಿಯಾಗಿ ವಾದಿಸಿದವರು ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗಾ, 1938ರ ‘ಹೋಮೊ ಲೂಡೆನ್ಸ್’ ಗ್ರಂಥದಲ್ಲಿ. ಅವರು ಸಂಸ್ಕೃತವನ್ನೂ ಓದಿದವರು. 1897ರ ಅವರ ಡಾಕ್ಟರೇಟ್ ಪ್ರಬಂಧ ಸಂಸ್ಕೃತ ನಾಟಕದ ವಿದೂಷಕನ ಮೇಲಿನದು. ಹಾಗಾಗಿ ದ್ಯೂತಮಂಡಲವೂ ಅವರ ಉದಾಹರಣೆಗಳಲ್ಲಿ ಬರುತ್ತದೆ: ಜೂಜಿಗೆ ಕೂರುವ ಮುನ್ನ ಎಳೆಯುತ್ತಿದ್ದ ಮಂಡಲ, ಬಾಕಿ ತೀರಿಸದೆ ಅದರಿಂದ ಏಳುವಂತಿರಲಿಲ್ಲ. ಗೆರೆಯ ವಿಚಾರವನ್ನು ಅವರು ಚೆನ್ನಾಗಿ ಹೇಳಿದರು. ಗೆರೆ ಎಳೆಯುವವನು ಯಾರು, ಅಳಿಸುವ ಹಕ್ಕು ಯಾರದು ಎಂಬಲ್ಲಿ ಅವರ ವಾದ ತೆಳುವಾಗುತ್ತದೆ.

ಈ ಪ್ರಶ್ನೆಗೆ ಹಾನಗಲ್ಲಿನಲ್ಲೇ ಒಂದು ಕಥೆ ಸಿಗುತ್ತದೆ. ಪಾನುಂಗಲ್ಲು ಎಂಬ ಹಳೆಯ ಹೆಸರಿನ ಈ ಊರನ್ನು ಶಾಸನಗಳು ವಿರಾಟಕೋಟೆ, ವಿರಾಟನಗರಿ ಎಂದೂ ಕರೆದಿವೆ. ಮಹಾಭಾರತದ ಅರಸ ವಿರಾಟನ ಊರು ತಾನೆಂದು ರಾಜಸ್ಥಾನದ ಬೈರಾಟ್ ಕೂಡ ಹಕ್ಕು ಹೇಳುತ್ತದೆ, ವಿದ್ವಾಂಸರ ಒಲವೂ ಅತ್ತಲೇ. ಊರಿನ ನಂಬಿಕೆ ಅದರಿಂದ ಅಲುಗಿಲ್ಲ. ಪಾಂಡವರ ಅಜ್ಞಾತವಾಸದ ಕೊನೆಯಲ್ಲಿ ಕೌರವರು ಗೋವುಗಳನ್ನು ಹಿಡಿದಾಗ, ಬೃಹನ್ನಳೆಯ ವೇಷದ ಅರ್ಜುನನನ್ನು ಸಾರಥಿ ಮಾಡಿಕೊಂಡು ವಿರಾಟನ ಮಗ ಉತ್ತರಕುಮಾರ ಹೋಗುತ್ತಾನೆ. ಗೆಲುವಿನ ಸುದ್ದಿ ಬಂದದ್ದೇ ತಡ, ವಿರಾಟ ಹಿಗ್ಗಿನಲ್ಲಿ ದಾಳ ತರಿಸುತ್ತಾನೆ. ಎದುರಿಗೆ ಕೂತವನು ಕಂಕ, ಅಂದರೆ ವೇಷ ಮರೆಸಿದ ಧರ್ಮರಾಯ. ಹಿಗ್ಗಿದವನ ಜೊತೆ ಜೂಜು ಬೇಡವೆಂದು ಅವನು ಮೊದಲೇ ಎಚ್ಚರಿಸುತ್ತಾನೆ. ಜೂಜಿನ ಪೆಟ್ಟು ತಿಂದವನ ಮಾತು ಅದು. ದಾಳ ಉರುಳುತ್ತಿರುವಾಗ ಅರಸ ಮಗನ ಪರಾಕ್ರಮವನ್ನು ಕೊಚ್ಚಿಕೊಳ್ಳುತ್ತಾನೆ. ಬೃಹನ್ನಳೆ ಸಾರಥಿಯಾದ ಮೇಲೆ ಗೆಲ್ಲದೆ ಇನ್ನೇನು ಎಂದು ಕಂಕ ಅನ್ನುತ್ತಾನೆ. ಕೈಯ ದಾಳ ಕಂಕನ ಮುಖಕ್ಕೆ ಬೀಳುತ್ತದೆ, ಮೂಗಿನಿಂದ ರಕ್ತ ಇಳಿಯುತ್ತದೆ. ಸೈರಂಧ್ರಿಯ ವೇಷದ ದ್ರೌಪದಿ ಓಡಿಬಂದು ಹೊನ್ನಿನ ಪಾತ್ರೆಯಲ್ಲಿ ಅದನ್ನು ಹಿಡಿಯುತ್ತಾಳೆ, ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ. ಬಿದ್ದಿದ್ದರೆ ರಾಜ್ಯಕ್ಕೇ ಕೇಡಾಗುತ್ತಿತ್ತೆಂದು ಮುಂದೆ ತಿಳಿಯುತ್ತದೆ.

ಇಲ್ಲಿ ಯುದ್ಧದ ಸುದ್ದಿಯನ್ನು ಆಟದ ನಡುವೆ ತಂದವನು ಅರಸನೇ. ಕಂಕ ಆಡಿದ ಮಾತು ನಿಜ. ವಿರಾಟನಿಗೆ ದಾಳದ ಹಾಸಿನ ಮೇಲೆ ರಾಜಕೀಯ ಬೇಡವಾಗಿರಲಿಲ್ಲ, ತನಗೊಪ್ಪದ ಮಾತು ಬೇಡವಾಗಿತ್ತು. ಹಾಸೂ ಅವನದು, ಸಭೆಯೂ ಅವನದು. ಆದ್ದರಿಂದ ಏಟು ಬಿದ್ದದ್ದು ಒಂದೇ ಕಡೆ. ‘ಆಟದಲ್ಲಿ ರಾಜಕೀಯ ಬೇಡ’ ಎಂಬ ಕಂಪನಿಗಳ ನಿಯಮವೂ ಬಹಳ ಸಲ ಹೀಗೇ ನಡೆಯುತ್ತದೆ. 2019ರ ಅಕ್ಟೋಬರಿನಲ್ಲಿ ಹಾರ್ತ್‌ಸ್ಟೋನ್ ಪಂದ್ಯದ ನಂತರದ ಸಂದರ್ಶನದಲ್ಲಿ ಬ್ಲಿಟ್ಜ್‌ಚಂಗ್ ಎಂಬ ಆಟಗಾರ ಹಾಂಗ್‌ಕಾಂಗ್ ಚಳವಳಿಯ ಘೋಷಣೆ ಕೂಗಿದ. ಬ್ಲಿಝಾರ್ಡ್ ಕಂಪನಿ ಅವನಿಗೆ ಒಂದು ವರ್ಷ ನಿಷೇಧ ಹಾಕಿ ಬಹುಮಾನದ ಹಣ ತಡೆಹಿಡಿಯಿತು. ಗಲಾಟೆ ಎದ್ದ ಮೇಲೆ ಹಣ ಮರಳಿತು, ನಿಷೇಧ ಆರು ತಿಂಗಳಿಗೆ ಇಳಿಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಇಎ ಕಂಪನಿ ತನ್ನ ಫಿಫಾ ಆಟದಿಂದ ರಷ್ಯಾದ ತಂಡಗಳನ್ನು ತಾನೇ ತೆಗೆದುಹಾಕಿತು. ಒಡೆಯ ಮಾಡಿದರೆ ನಿಲುವು, ಆಟಗಾರ ಮಾಡಿದರೆ ನಿಯಮಭಂಗ.

ಫಿನ್‌ಲೆಂಡಿನ ‘ಹೆಲ್ಸಿಂಗಿನ್ ಸನೋಮಾತ್’ ಪತ್ರಿಕೆ 2023ರ ಮೇನಲ್ಲಿ ಬೇರೆ ದಾರಿ ಹಿಡಿಯಿತು. ರಷ್ಯಾದ ಹುಡುಗರು ಬಹಳ ಆಡುವ ಕೌಂಟರ್‌ಸ್ಟ್ರೈಕ್ ಆಟಕ್ಕೆ ಒಂದು ಊರಿನ ಮ್ಯಾಪ್ ತಯಾರಿಸಿ, ಅದರ ನೆಲಮಾಳಿಗೆಯ ಗುಪ್ತ ಕೋಣೆಯಲ್ಲಿ ಯುದ್ಧದ ವರದಿಗಳನ್ನು ಇಟ್ಟಿತು. ಇದು ಕಂಕನ ಮಾತಿನ ಜಾತಿಗೆ ಸೇರಿದ್ದು. ಗೆರೆ ದಾಟಿದ್ದು ನಿಜ, ಎದುರಾಳಿಯನ್ನು ಹೀಯಾಳಿಸಲಿಲ್ಲ.

ಆಟದ ಧರ್ಮವನ್ನು ಕೆಡಿಸುವುದು ಹೊರಗಿನ ಜಗಳದ ಮತ್ತೊಂದು ಬಗೆಯ ಹರಿವು. ಪಬ್‌ಜಿಯಲ್ಲಿ 100 ಜನ ಪ್ಯಾರಾಚೂಟಿನಲ್ಲಿ ದ್ವೀಪಕ್ಕೆ ಇಳಿಯುತ್ತಾರೆ. ಎರಾಂಗೆಲ್ ಎಂಬ ಆ ದ್ವೀಪವೇ ಸೋವಿಯತ್ ಸೇನೆಯ ಪಾಳುನೆಲೆ ಎಂಬ ಕಲ್ಪನೆ; ಹಾಸು ಎಂದೂ ರಾಜಕೀಯದಿಂದ ದೂರವಿರಲಿಲ್ಲ ಅನ್ನಿ. ಸತ್ತವರೆಲ್ಲ ಲಾಬಿಗೆ ಮರಳಿ ಮುಂದಿನ ಮ್ಯಾಚ್ ಹಿಡಿಯುತ್ತಾರೆ. ಹೆಸರಿನ ಪಕ್ಕದ ಬಾವುಟ ನೋಡಿ ಮೈಕ್‌ನಲ್ಲಿ ಬೈಯುವವನಿಗೆ ಎದುರಾಳಿ ಹಾಗೆ ಮರಳುವುದೇ ಬೇಡ. ಸೋತವನೂ ಸೋತವನಾಗಿಯೇ ಉಳಿಯುವ ಜಾಗ ಆಟ. ಅಲ್ಲಿ ದೇಶವನ್ನೋ ಮತವನ್ನೋ ಒಡ್ಡಿದ ಕೂಡಲೆ ಸೋತವನು ಅಳಿಯಬೇಕಾಗುತ್ತದೆ.

ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನದಲ್ಲಿ ಇಂಥ ಪಣವೊಂದಿದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ತನ್ನ ತಲೆಯನ್ನೇ ಒಡ್ಡುತ್ತಾನೆ: ಕತ್ತರಿಸಿದ ತಲೆ ಮರಳಿದರೆ ಜಿನನ ಜಾಗದಲ್ಲಿ ಶಿವ ನಿಲ್ಲಬೇಕು. ಷರತ್ತನ್ನು ಓಲೆಯ ಮೇಲೆ ಬರೆಯಲಾಗುತ್ತದೆ. ಏಳು ದಿನಕ್ಕೆ ತಲೆ ಮರಳುತ್ತದೆ, ಎದುರಿನವರು ಮಾತಿಗೆ ತಪ್ಪುತ್ತಾರೆ, ರಾಮಯ್ಯ ಜಿನಬಿಂಬ ಒಡೆಯುತ್ತಾನೆ. ದೂರು ಅರಸ ಬಿಜ್ಜಳನ ತನಕ ಹೋಗಿ ರಾಮಯ್ಯನಿಗೆ ಜಯಪತ್ರ ಸಿಗುತ್ತದೆ. ಇದು ಗೆದ್ದವರ ಕಡೆಯ ಬರಹವೆಂಬುದನ್ನು ಮರೆಯಬಾರದು. ಬರೆದಿಟ್ಟ ನಿಯಮ, ಸಾಕ್ಷಿ, ತೀರ್ಪುಗಾರ, ಎಲ್ಲವೂ ಆಟದಲ್ಲಿದ್ದ ಹಾಗೆಯೇ ಇವೆ. ಸೋತವರು ಎದ್ದು ತಮ್ಮ ದೇವರ ಬಳಿಗೆ ಹೋಗಲು ಮಾತ್ರ ದಾರಿಯಿಲ್ಲ.

ಇದಕ್ಕೆ ತಿರುವುಮುರುವಾದದ್ದು ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಕಡೆಯ ಮೊಹರಂ. ಅದು ನೆನೆಯುವ ಕ್ರಿ.ಶ. 680ರ ಕರ್ಬಲಾ ಕಾಳಗ ಅಧಿಕಾರಕ್ಕಾಗಿ ನಡೆದ ಘೋರ ಸಂಘರ್ಷ. ಆ ಊರಿನ ಸಂತಕವಿ ಶರೀಫರು (1819–1889) ಅದನ್ನು ರಿವಾಯತ್ ಪದಗಳಲ್ಲಿ ಹಾಡಿದರು. ಈ ಭಾಗದ ಹೆಜ್ಜೆ ಮೇಳಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಜೊತೆಗೂಡಿ ಕುಣಿಯುತ್ತಾರೆ. ಹಗೆಯ ಕಥೆ ಅಲ್ಲಿ ಪೂರ್ತಿ ಇದೆ, ನೆರೆಮನೆಯವನನ್ನು ಆ ಕಥೆಯ ಹಗೆಯಾದ ಯಜೀದನ ಕಡೆಯವನೆಂದು ಎಣಿಸುವುದು ಮಾತ್ರ ಇಲ್ಲ.

ಸರ್ಕಾರಗಳು ಹಿಡಿದ ದಾರಿ ಕಣಕ್ಕೆ ಬೀಗ ಹಾಕುವುದು. ಆಗಿನ ಶಿಗ್ಗಾವಿ ಶಾಸಕ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, 2021ರ ಅಕ್ಟೋಬರ್ 5ರಿಂದ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ರಾಜ್ಯದಲ್ಲಿ ಅಪರಾಧವಾದವು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಮಾಡಿತು. ಅದೇ ದಿನ ದೆಹಲಿಯಿಂದ ಬಂದ ಸುದ್ದಿ, ಫ್ರೀ ಫೈರ್ ಸೇರಿ 54 ಆ್ಯಪ್‌ಗಳಿಗೆ ನಿರ್ಬಂಧ. 2025ರ ಕೇಂದ್ರದ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಬಿಜಿಎಂಐ ಭಾರತದ ಆಟಗಾರರಿಗೆಂದೇ ರೂಪಿಸಿದ್ದರಿಂದ ಪರದೇಶದ ಬಾವುಟ ಎದುರಾಗುವುದು ಕಡಿಮೆಯಾಯಿತು. ಮೈಕ್‌ನ ಬೈಗುಳ ಭಾಷೆ, ಮತ, ರಾಜ್ಯಗಳ ಕಡೆಗೆ ತಿರುಗಿತು.