ಆಟಕ್ಕುಂಟು, ಲೆಕ್ಕಕ್ಕಿಲ್ಲ



ಇಂದಿನ ಚಿಂತನೆಯನ್ನು ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಾಲಿಗೆ ಕ್ಯಾಲಿಪರ್ ಹಾಕಿಕೊಂಡು ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಆಟದ ಪೀರಿಯಡ್ ಬಂದರೆ ಅವಳ ಕೈಗೆ ಸ್ಕೋರ್ ಪುಸ್ತಕ ಕೊಡುತ್ತಿದ್ದೆ. ಉಳಿದವರ ಚಪ್ಪಲಿ, ಬ್ಯಾಗು ಕಾಯುವುದೂ ಅವಳೇ. ಅವಳಿಗೂ ಒಂದು ಜವಾಬ್ದಾರಿ ಕೊಟ್ಟೆನೆಂದು ಒಳಗೊಳಗೇ ಹೆಮ್ಮೆ. ಅದನ್ನೇ ಕರುಣೆ ಎಂದುಕೊಂಡಿದ್ದೆ.

ಪುಟ್ಟ ತಮ್ಮ ಅಳಬಾರದೆಂದು ಆಟಕ್ಕೆ ಸೇರಿಸಿಕೊಂಡು, ಅವನು ಔಟಾದರೂ ಔಟ್ ಅನ್ನದೆ ಬಿಡುತ್ತೇವಲ್ಲ, ಅದಕ್ಕೆ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುತ್ತೇವೆ. ನನ್ನ ಹುಡುಗಿಗೆ ಆಟವೂ ಇರಲಿಲ್ಲ. ಬೇರೆಯವರ ಲೆಕ್ಕ ಬರೆಯುವುದಷ್ಟೇ.

ಚೂಳಪಂಥಕ ಭಿಕ್ಷುವಿನ ಕತೆ ನಿಮಗೆ ಗೊತ್ತಿದೆ. ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಗೆ ಬರಲಿಲ್ಲ. ಸಂಘ ಬಿಟ್ಟು ಹೋಗೆಂದ ಅವನ ಸ್ವಂತ ಅಣ್ಣ. ಬುದ್ಧರು ಬಿಳಿಬಟ್ಟೆಯ ತುಂಡೊಂದನ್ನು ಕೊಟ್ಟು ಉಜ್ಜುತ್ತಾ ಕೂರಲು ಹೇಳಿದರು. ಪಾಠ ಬದಲಾಯಿತು, ಗುರಿ ಬದಲಾಗಲಿಲ್ಲ. ನನ್ನನ್ನು ಹೆಚ್ಚು ತಟ್ಟುವುದು ಕತೆಯ ಇನ್ನೊಂದು ತುದಿ. ಜೀವಕನ ಮನೆಯ ಊಟಕ್ಕೆ ಭಿಕ್ಷುಗಳ ಲೆಕ್ಕ ಕೊಟ್ಟ ಅಣ್ಣ ತಮ್ಮನನ್ನು ಎಣಿಸಿರಲಿಲ್ಲ. ಬುದ್ಧರು ಭಿಕ್ಷಾಪಾತ್ರೆಯ ಮೇಲೆ ಕೈ ಮುಚ್ಚಿ, ವಿಹಾರದಲ್ಲಿ ಇನ್ನು ಯಾರೂ ಇಲ್ಲವೇ ಎಂದು ಕೇಳಿದರು. ಅವನನ್ನು ಕರೆಸಿದ ಮೇಲೆಯೇ ಊಟ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಾಠದ ಜೊತೆಗೆ ಆಟದಲ್ಲೂ ಸಮಾನ ಅವಕಾಶ ಕೊಡಬೇಕೆನ್ನುತ್ತದೆ. ಹ್ಯಾಂಡ್‌ಪೋಸ್ಟ್ ಸುತ್ತಮುತ್ತ ನಾನು ಕಂಡ ಶಾಲೆಗಳಲ್ಲಿ ರ‍್ಯಾಂಪ್ ತರಗತಿಯ ಬಾಗಿಲಿಗೇ ಮುಗಿಯುತ್ತದೆ. ಮೈದಾನಕ್ಕೆ ಹೋಗುವ ದಾರಿ ಜಲ್ಲಿ, ಮಳೆ ಬಂದರೆ ಕೆಸರು. ಬೆಂಗಳೂರಿನಲ್ಲಿ ಇಂಥ ಮಕ್ಕಳ ತಂದೆತಾಯಿಯರೇ ಕಟ್ಟಿದ ‘ಕಿಲಿಕಿಲಿ’ ಎಂಬ ಸಂಸ್ಥೆ ಪಾಲಿಕೆಯ ಜೊತೆ ಸೇರಿ ಕೋಲ್ಸ್ ಪಾರ್ಕಿನಂಥ ಕಡೆ ಎಲ್ಲ ಮಕ್ಕಳೂ ಕೂಡಿ ಆಡುವ ಜಾಗ ಮಾಡಿತು. ವಿಕಲಚೇತನ ಮಕ್ಕಳಿಗೆಂದೇ ಬೇಲಿ ಹಾಕಿದ ಮೂಲೆಯಲ್ಲ ಅದು, ಎಲ್ಲರ ಪಾರ್ಕು. ಬೆನ್ನಿಗೆ ಆಸರೆ, ಸೊಂಟಕ್ಕೆ ಬೆಲ್ಟು ಇರುವ ಉಯ್ಯಾಲೆಯಲ್ಲಿ ಬೇರೆ ಮಕ್ಕಳೂ ಕೂರಬಹುದಲ್ಲ! ಶಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕೂತ ಬಾಲಕ ಭೀಮರಾಯರನ್ನು ನೆನೆಯುವ ನಮಗೆ, ಒಳಗಿದ್ದೂ ಹೊರಗಿರುವುದು ಏನೆಂದು ಬಿಡಿಸಿ ಹೇಳಬೇಕಿಲ್ಲ.

ಕರುಣೆಯ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ಮುದಿತೆಯ ಬಗ್ಗೆ ಕಡಿಮೆ. ಆಟದ ಬಯಲಿಗೆ ಬೇಕಾದದ್ದು ಎರಡನೆಯದು ಎಂದು ನನಗೆ ಕಲಿಸಿದ್ದು ಮಕ್ಕಳೇ. ಕುಂಟೆಬಿಲ್ಲೆ ಎಂಬ ಹೆಸರಿನಲ್ಲೇ ಕುಂಟುವುದಿದೆ. ಆದರೂ ಕಾಲು ಎಳೆಯುವ ಮಗುವಿಗೆ ಅದರಲ್ಲಿ ಜಾಗವಿರಲಿಲ್ಲ. ಒಂದು ದಿನ ನಾನು ಸ್ಟಾಫ್ ರೂಮಿನಿಂದ ಬರುವಷ್ಟರಲ್ಲಿ ಹುಡುಗಿಯರು ನಿಯಮ ಬದಲಿಸಿಕೊಂಡಿದ್ದರು. ಬಿಲ್ಲೆ ಎಸೆಯುವುದು ಇವಳು, ಕುಂಟುವುದು ಇವಳ ಗೆಳತಿ. ಸ್ಕೋರ್ ಪುಸ್ತಕ ಜಗಲಿಯ ಮೇಲೆ ಬಿದ್ದಿತ್ತು.

ನಾನು ನೋಡುತ್ತಿದ್ದಂತೆಯೇ ಬಿಲ್ಲೆ ಗೆರೆಯ ಮೇಲೆ ಬಿತ್ತು. ಎದುರು ಗುಂಪಿನವರು ಒಂದೇ ಸಮನೆ ಕೂಗಿದರು: “ಔಟ್!” ಇವಳು ಒಪ್ಪಲಿಲ್ಲ. ಕ್ಯಾಲಿಪರ್ ಎಳೆದುಕೊಂಡು ಹೋಗಿ, ಬಗ್ಗಿ, ಬಿಲ್ಲೆ ತೋರಿಸಿ ಜಗಳಕ್ಕೇ ನಿಂತಳು. ಯಾರೂ ಅವಳಿಗೆಂದು ಬಿಟ್ಟುಕೊಡಲಿಲ್ಲ.