ಪರಿಹಾರವೂ ಪ್ರಾಯಶ್ಚಿತ್ತವೂ

ಕೇಡಿಗೆ ಕಾರಣನಾದವನು ಹಣ ಕೊಟ್ಟ ಮಾತ್ರಕ್ಕೆ ಋಣಮುಕ್ತನಾಗುವನೇ? ಬ್ರಿಟನ್ನಿನ ಒಂದು ಸಂಗತಿಯು ಈ ವಿಚಾರಕ್ಕೆ ಬೆಳಕನ್ನೀಯುತ್ತದೆ.

ರಕ್ತವು ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗಿಗಳಿಗೆ 1970-80ರ ದಶಕಗಳಲ್ಲಿ ಅಲ್ಲಿ ಸಾವಿರಾರು ಜನರ ರಕ್ತದ್ರವವನ್ನು ಬೆರೆಸಿ ಮಾಡಿದ ಔಷಧವನ್ನು ಕೊಡಲಾಗುತ್ತಿತ್ತು. ಅದರಲ್ಲೊಂದು ಭಾಗವು ಅಮೆರಿಕದಲ್ಲಿ ಹಣಕ್ಕೆ ರಕ್ತ ಮಾರುವವರಿಂದಲೂ ಸೆರೆಯಾಳುಗಳಿಂದಲೂ ಸಂಗ್ರಹಿಸಿದುದು. ಒಬ್ಬನ ಸೋಂಕು ಎಲ್ಲರ ಔಷಧವನ್ನೂ ವಿಷವಾಗಿಸಿತು. ರಕ್ತ ಪಡೆದ ಇತರರೂ ಸೇರಿ 30,000ಕ್ಕೂ ಹೆಚ್ಚು ಮಂದಿ ಎಚ್‌ಐವಿ, ಹೆಪಟೈಟಿಸ್ ಸೋಂಕುಗಳಿಗೆ ಈಡಾದರು. ಸುಮಾರು 3,000 ಮಂದಿ ಮಡಿದರು.

ಎಚ್‌ಐವಿ ತಗುಲಿದ ಹಿಮೋಫಿಲಿಯಾ ರೋಗಿಗಳು ನ್ಯಾಯಾಲಯದ ಮೊರೆಹೊಕ್ಕಾಗ ಸರಕಾರವು ತಪ್ಪನ್ನೊಪ್ಪದೆ 1990ರ ಡಿಸೆಂಬರಿನಲ್ಲಿ 4.2 ಕೋಟಿ ಪೌಂಡುಗಳ ರಾಜಿಯನ್ನು ಘೋಷಿಸಿತು. ಹಣ ಪಡೆಯುವವರು ಹೆಪಟೈಟಿಸ್ ಕುರಿತೂ ಮುಂದೆ ದಾವೆ ಹೂಡೆವೆಂದು ಬರೆದುಕೊಡಬೇಕಾಯಿತು. ಆ ಸೋಂಕೂ ತಮ್ಮೊಡಲಲ್ಲಿರುವುದು ಅವರಲ್ಲನೇಕರಿಗೆ ತಿಳಿದೇ ಇರಲಿಲ್ಲ.

ರಾಜಿಯೇ ತಪ್ಪೆಂದಲ್ಲ. ಸಾವಿನಂಚಿನಲ್ಲಿರುವವನಿಗೆ ದೀರ್ಘವ್ಯಾಜ್ಯಕ್ಕಿಂತ ಶೀಘ್ರ ನೆರವೇ ಲೇಸು. ಆದರೆ ತಾನರಿಯದ ಹಕ್ಕನ್ನು ಅವನಿಂದ ಬಿಡಿಸಿಕೊಳ್ಳುವುದು ನೆರವಲ್ಲ, ಮೌನದ ಕ್ರಯ. ಅಂಥವನ ಸಹಿಯು ಸಮ್ಮತಿಯಲ್ಲ, ನಿರುಪಾಯ.

ಈ ಅನರ್ಥವನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿತ್ತೆಂದೂ ಸತ್ಯವನ್ನು ಮರೆಮಾಚಲಾಯಿತೆಂದೂ ಸರ್ ಬ್ರಯನ್ ಲ್ಯಾಂಗ್‌ಸ್ಟಾಫರ ವಿಚಾರಣಾ ವರದಿಯು 2024ರ ಮೇ 20ರಂದು ಸಾರಿತು. ಅಂದೇ ಪ್ರಧಾನಿ ರಿಷಿ ಸುನಕ್ ಕ್ಷಮೆ ಬೇಡಿದರು. ಅಕ್ಟೋಬರಿನಲ್ಲಿ ಪರಿಹಾರಕ್ಕೆ 1,180 ಕೋಟಿ ಪೌಂಡು ಮೀಸಲಾಯಿತು. ಅಷ್ಟರಲ್ಲಿ ಆ ಕ್ಷಮೆಯನ್ನು ಕೇಳಬೇಕಾದ ಅದೆಷ್ಟೋ ಕಿವಿಗಳು ಇಲ್ಲವಾಗಿದ್ದುವು.

ಹಣವು ಹಾನಿಗೆ ಪರಿಹಾರವಾದೀತು. ತಪ್ಪಿಗೆ ಪ್ರಾಯಶ್ಚಿತ್ತವು ಸತ್ಯವೊಂದೇ. ತಪ್ಪಾಯಿತೆಂಬ ನುಡಿಗೆ ಬೊಕ್ಕಸವು ಬೇಕಿಲ್ಲ. ಅದನ್ನು ತಡೆಹಿಡಿದುದೇ ಎರಡನೆಯ ಕೇಡು.